ಸಣ್ಣಪುಟ್ಟ ಅಡ್ಡಪರಿಣಾಮಗಳು

ಮಾರ್ಚ್ ೩, ಸೋಮವಾರ

ಪ್ಲಾಸ್ಟರ್ ಕಂಪನಿಯವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಪ್ರತಿ ವರ್ಷ ಅದನ್ನು ಅಕ್ಕನಿಗೆ ಕೊಡುತ್ತಿದ್ದೆ. ಅವಳು ಮೊದಲ ವಾರ ಮುತ್ತಿನಂಥ ಅಕ್ಷರದಲ್ಲಿ ಬರೆದು, ಆಮೇಲೆ ಹಾಳೆ ಹರಿದು ಡಬ್ಬಿಗಳ ತಳಕ್ಕೆ ಹಾಸುತ್ತಿದ್ದಳು. ಈ ವರ್ಷ ಕೊಡೋಣವೆಂದರೆ ಅಕ್ಕ ಇಲ್ಲ. ಎರಡು ತಿಂಗಳಿಂದ ಮೇಜಿನ ಮೇಲೆ ಬಿದ್ದಿತ್ತು. ಇವತ್ತು ಮಲಗಲೂ ಆಗದೆ, ನೆಟ್ಟಗೆ ಕೂರಲೂ ಆಗದೆ, ಬೇರೆ ಕೆಲಸವಿಲ್ಲದೆ ತೆರೆದಿದ್ದೇನೆ.

ಕುತ್ತಿಗೆ ಹಿಡಿದಿದೆ. ಶನಿವಾರ ಮೇಣದಲ್ಲಿ ಒಂದು ದವಡೆ ಹಲ್ಲು ಕೂರಿಸಿ ತಲೆ ಎತ್ತಿದೆ, ಅಷ್ಟೆ, ಕಟ್ ಅಂದಿತು. ಎಡಕ್ಕೆ ತಿರುಗುವುದೇ ಇಲ್ಲ. ರಸ್ತೆ ದಾಟಬೇಕಾದರೆ ಇಡೀ ಮೈಯನ್ನು ಬೀರುವಿನ ಹಾಗೆ ತಿರುಗಿಸಿ ನೋಡಬೇಕು. ಬೆಳಿಗ್ಗೆ ಒಬ್ಬ ಸೈಕಲ್ಲಿನವನು, "ಏನಮ್ಮಾ, ಮೆರವಣಿಗೇಲಿ ಹೋಗ್ತಿದೀರಾ?" ಎಂದ. ತಿರುಗಿ ಬೈಯೋಣವೆಂದರೆ ತಿರುಗಲು ಆಗಬೇಕಲ್ಲ!

ಮೂವತ್ತು ವರ್ಷ ತಲೆ ಬಗ್ಗಿಸಿ ಹಲ್ಲಿನ ಸೆಟ್ ಮಾಡಿದರೆ ಇನ್ನೇನಾಗುತ್ತದೆ? ಮುಂದಿನ ಕೋಣೆಯಲ್ಲಿ ಹಲ್ಲು ಡಾಕ್ಟರು ಜನರ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ನಾನು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತೇನೆ. ಊರಿನ ಅರ್ಧ ಜನರ ಬಾಯಿ ನನ್ನ ಕಪಾಟಿನಲ್ಲಿದೆ. ನನ್ನ ಹತ್ತಿರ ಮಾತಾಡುವ ಬಾಯಿ ಒಂದೂ ಇಲ್ಲ ಎಂದು ಅಕ್ಕನಿಗೆ ಹೇಳಿ ನಗಿಸುತ್ತಿದ್ದೆ. ಆಗ ಅದು ತಮಾಷೆಯಾಗಿತ್ತು.

ಚುಚ್ಚಜ್ಜ ಇವತ್ತೂ ಬಂದಿದ್ದರು. ಹೆಸರು ಬೇರೆ ಏನೋ ಇದೆ, ನಾನಿಟ್ಟದ್ದು ಇದು. ನಿವೃತ್ತ ಈಜು ಮೇಷ್ಟ್ರು. ನೀರಿನ ಸದ್ದಿನ ಮೇಲೆ ಕೂಗಿ ಕೂಗಿ ಮಾತೆಲ್ಲ ಕೂಗೇ. "ಎಲ್ಲೋ ಒಂಚೂರು ಚುಚ್ತಾ ಇದೆ ತಾಯಿ" ಎಂದು ವಾರಕ್ಕೆರಡು ಸಲ ಹಿಂಬಾಗಿಲಿನಿಂದ ಬರುತ್ತಾರೆ. ಡಾಕ್ಟರು ಬಾಯಿ ನೋಡಿ ಎಲ್ಲೂ ಕೆಂಪಾಗಿಲ್ಲ, ಸೆಟ್ ಅಚ್ಚುಕಟ್ಟಾಗಿ ಕೂತಿದೆ ಎಂದು ಆಗಲೇ ಹೇಳಿಯಾಗಿದೆ. ಆದರೂ ನಾನು ಮೆಷಿನ್ ಹಾಕಿ ಗಾಳಿಯಲ್ಲಿ ಗರ್ರ್ ಎನ್ನಿಸಿ, ಒರೆಸಿ ಕೊಡುತ್ತೇನೆ. "ಹಾಂ, ಈಗ ಸರಿಹೋಯ್ತು" ಎಂದು ಸ್ಟೂಲಿನ ಮೇಲೆ ಕೂತು ನನ್ನ ತಲೆ ತಿನ್ನುತ್ತಾರೆ. ಇವತ್ತು ನನಗೆ ಕುತ್ತಿಗೆಯ ಸಂಕಟ, ಅವರಿಗೆ ಚಿಟ್ಟೆ ಈಜಿನ ವರ್ಣನೆ.

ಡಾಕ್ಟರು ಒಂದು ವಿಳಾಸ ಕೊಟ್ಟಿದ್ದಾರೆ. ಆಸ್ಟಿಯೋಪಥಿಯಂತೆ. ಮಾತ್ರೆ ಇಲ್ಲ, ಸೂಜಿ ಇಲ್ಲ, ಬರೀ ಕೈಯಿಂದ ಮೂಳೆ ಸ್ನಾಯು ಸರಿ ಮಾಡುತ್ತಾರಂತೆ. ನನ್ನ ಕುತ್ತಿಗೆ ಹಿಸುಕಲು ಯಾರಿಗೂ ಕೊಡುವುದಿಲ್ಲ ಎಂದೆ.

ಮಾರ್ಚ್ ೫, ಬುಧವಾರ

ಕೊಟ್ಟೆ. ನಿನ್ನೆ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಯಾರನ್ನಾದರೂ ಕರೆಯೋಣವೆಂದರೆ ಮನೆಯಲ್ಲಿ ಯಾರು?

ಬೇಕರಿಯ ಮೇಲಿನ ಮಹಡಿ. ಎರಡೇ ಕೋಣೆ. ಹೊರಗೆ ಫೋನ್ ಹಿಡಿದ ಹುಡುಗಿ, ಒಳಗೆ ಎತ್ತರದ ಮಂಚ, ಮುಖ ಇಡಲು ತೂತಿರುವ ದಿಂಬು. ಮುದುಕರು ಯಾರೋ ಇರುತ್ತಾರೆ ಅಂದುಕೊಂಡಿದ್ದೆ. ಇದ್ದದ್ದು ಮೂವತ್ತು ದಾಟಿದ ಹೆಂಗಸು, ಕ್ಲಿನಿಕ್ ಶುರು ಮಾಡಿ ಇನ್ನೂ ಆರು ತಿಂಗಳಂತೆ. ಗೋಡೆಯ ಬಣ್ಣದ ವಾಸನೆ ಹೋಗಿಲ್ಲ. ಕೈ ಡಾಕ್ಟರಮ್ಮ ಎಂದು ನಾನು ಅಲ್ಲೇ ಹೆಸರಿಟ್ಟೆ. ಎಷ್ಟು ಪ್ರಶ್ನೆ ಕೇಳುತ್ತಾಳೆ! ಯಾವ ಮಗ್ಗುಲಲ್ಲಿ ಮಲಗ್ತೀರಿ, ತಲೆ ಸುತ್ತುತ್ತಾ, ಬಿದ್ದಿದ್ರಾ, ರಕ್ತದೊತ್ತಡ ಎಷ್ಟು.

"ಮನೇಲಿ ಯಾರ್ಯಾರಿದೀರಿ?"

"ನಾನು, ಫ್ರಿಜ್ಜು" ಎಂದೆ. ನಕ್ಕಳು.

ಆಮೇಲೆ ನನ್ನನ್ನು ಅಂಗಾತ ಮಲಗಿಸಿ, ತಲೆಯ ಹಿಂದೆ ಕೂತು, ಎರಡೂ ಅಂಗೈಯನ್ನು ತಲೆಬುರುಡೆಯ ಬುಡಕ್ಕೆ ಕೊಟ್ಟಳು. ಒತ್ತಲಿಲ್ಲ, ತಿರುಚಲಿಲ್ಲ. ಸುಮ್ಮನೆ ತಲೆಯ ಭಾರ ಹೊತ್ತುಕೊಂಡಳು. "ಬಿಟ್ಟುಬಿಡಿ, ನಾನು ಹಿಡ್ಕೊಂಡಿದೀನಿ" ಎಂದಳು. ಅದೇನಾಯಿತೋ, ಎರಡೂ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಒರೆಸಿಕೊಳ್ಳಲು ಕೈ ಎತ್ತಲೂ ಆಗಲಿಲ್ಲ. ಅಕ್ಕ ಹೋದ ದಿನವೂ ಹೀಗೆ ಅತ್ತವಳಲ್ಲ ನಾನು. ಎಂಥ ನಾಚಿಕೆಗೇಡು!

ಹೊರಡುವಾಗ ಹೇಳಿದಳು. "ಒಂದೆರಡು ದಿನ ಮೈಕೈ ನೋವು, ಸುಸ್ತು, ಸಣ್ಣ ತಲೆನೋವು ಬರಬಹುದು. ತಾನಾಗಿ ಹೋಗುತ್ತೆ, ಹೆದರಬೇಡಿ. ಬೇರೆ ಏನೇ ಆದ್ರೂ ಕೂಡಲೇ ಹೇಳಿ."

"ಅಳು?"

"ಅದೂ ಕೆಲವರಿಗೆ ಬರುತ್ತೆ."

ಇನ್ನೊಂದು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮಾತಾಡಬಾರದಂತೆ. ಅಷ್ಟು ಹೊತ್ತು ಯಾರ ಹತ್ತಿರ ಮಾತಾಡಲಿ ತಾಯಿ ಎಂದುಕೊಂಡೆ.

ಮಾರ್ಚ್ ೬, ಗುರುವಾರ

ಅಯ್ಯಯ್ಯೋ. ಯಾರೋ ರಾತ್ರಿಯೆಲ್ಲ ಹಿಡಿದು ಬಡಿದ ಹಾಗಿದೆ. ಕುತ್ತಿಗೆ ಮಾತ್ರವಲ್ಲ, ಇರುವುದೇ ಗೊತ್ತಿಲ್ಲದ ಜಾಗಗಳೆಲ್ಲ ನೋಯುತ್ತಿವೆ. ಇದಕ್ಕೆ ಚಿಕಿತ್ಸೆ ಎಂದು ಹೆಸರು ಬೇರೆ. ಕೆಲಸಕ್ಕೆ ಹೋಗಲಿಲ್ಲ.

ಮಾರ್ಚ್ ೭, ಶುಕ್ರವಾರ

ಸಂಜೆ ಫೋನ್ ಬಡಿದುಕೊಂಡಿತು. ಅಕ್ಕ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು. ಈ ಮನೆಗೆ ಬರುತ್ತಿದ್ದ ಫೋನೆಲ್ಲ ಅವಳಿಗೇ. ಅವಳು ಹೋದ ಮೇಲೆ ವಿಷಯ ಗೊತ್ತಿಲ್ಲದ ಯಾರೋ ಇಬ್ಬರು ಮೂವರು ಮಾಡಿದ್ದರು, ಅವರಿಗೂ ಗೊತ್ತಾದ ಮೇಲೆ ಅದೂ ನಿಂತಿತು.

"ಮೇಡಂ, ಆಮೇಲೆ ಹೇಗಿದೀರಾ?" ಕ್ಲಿನಿಕ್ಕಿನ ಹುಡುಗಿ.

ಹೇಗಿದ್ದೇನೆ ಎಂದು ಚೆನ್ನಾಗಿ ಹೇಳಿದೆ. ಭುಜ, ಬೆನ್ನು, ಪಕ್ಕೆಲುಬು, ತಲೆನೋವು, ಹಾಳಾದ ಒಂದು ದಿನ, ಎಲ್ಲವನ್ನೂ ಹೇಳಿದೆ. ಹುಡುಗಿ ಒಂದು ಸಲವೂ ಮಧ್ಯೆ ಬಾಯಿ ಹಾಕಲಿಲ್ಲ. "ಪಾಪ. ಬಿಸಿನೀರಿನ ಶಾಖ ಕೊಡಿ ಮೇಡಂ, ನೀರು ಕುಡೀರಿ. ನಾಳೆ ಮತ್ತೆ ಮಾಡ್ತೀನಿ" ಎಂದಳು.

"ನಾಳೆ ಯಾಕೆ?"

"ನಮ್ಮಲ್ಲಿ ಹಾಗೇ. ಚಿಕಿತ್ಸೆ ಆಗಿ ಎರಡನೇ ದಿನ ಎಲ್ಲರಿಗೂ ಒಂದು ಫೋನು. ನೋವು ಗೀವು ಏನಾದ್ರೂ ಇದ್ರೆ ಅದು ಹೋಗೋವರೆಗೂ ದಿನಾ. ಡಾಕ್ಟರದ್ದು ಕಟ್ಟುನಿಟ್ಟು."

ಬೈದು ಮುಗಿದ ಮೇಲೆ ಮೈ ಹಗುರವಾಗಿತ್ತು. ಶಾಖದಿಂದ ಇರಬೇಕು.

ಮಾರ್ಚ್ ೮, ಶನಿವಾರ

ಬೆಳಿಗ್ಗೆ ಹಲ್ಲುಜ್ಜುತ್ತ ಎಡಗಡೆಯ ಕಿಟಕಿ ನೋಡಿದೆ. ನೋಡಿದ ಮೇಲೆ ಗೊತ್ತಾಯಿತು, ಕುತ್ತಿಗೆ ತಿರುಗಿತು! ನೋವು ಹೆಚ್ಚುಕಡಿಮೆ ಮಾಯ. ಕೈ ಡಾಕ್ಟರಮ್ಮನ ಕೈಗೆ ನಮಸ್ಕಾರ.

ಸಂಜೆ ಹುಡುಗಿ ಮಾಡಿದಳು. ಎಲ್ಲ ಹೋಯಿತು ಎಂದೆ. "ಒಳ್ಳೇದಾಯ್ತು ಮೇಡಂ! ಹಾಗಾದ್ರೆ ಇನ್ನು ಮಾಡಲ್ಲ" ಎಂದು ಇಟ್ಟಳು. ಕರಾರುವಾಕ್ಕಾದ ಹುಡುಗಿ. ಮನೆ ಬಿಕೋ ಎನ್ನುತ್ತಿತ್ತು. ರೇಡಿಯೋ ಹಾಕಿದೆ.

ಮಾರ್ಚ್ ೧೨, ಬುಧವಾರ

ಎರಡನೇ ಸಲ ಹೋಗಿ ಬಂದೆ. ಈ ಸಲ ಅಳಲಿಲ್ಲ. ಆದರೆ ಅವಳು ಭುಜದ ಗಂಟು ಹುಡುಕಿ ಹೆಬ್ಬೆರಳಿಟ್ಟಾಗ ಅಕ್ಕ ನೆನಪಾದಳು. ಸಂಜೆ ನಾನು ಬಂದು ನೆಲದ ಮೇಲೆ ಕೂತರೆ, ಅಕ್ಕ ಹಿಂದೆ ಕುರ್ಚಿಯಲ್ಲಿ ಕೂತು, ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ನನ್ನ ಕುತ್ತಿಗೆ ತಿಕ್ಕುತ್ತಿದ್ದಳು. ಮಾತೆಲ್ಲ ಫೋನಿನಲ್ಲಿದ್ದವರ ಜೊತೆ, ಕೈ ಮಾತ್ರ ನನಗೆ. ಒಂದು ದಿನವೂ ನನ್ನ ಕಡೆ ಗಮನ ಕೊಡುವುದಿಲ್ಲ ಎಂದು ಆಗ ಮುನಿಸಿಕೊಳ್ಳುತ್ತಿದ್ದೆ. ಎಂಥ ದಡ್ಡಿ.

ಮಾರ್ಚ್ ೧೪, ಶುಕ್ರವಾರ

ಸಂಜೆಯ ಅಡಿಗೆ ಬೇಗ ಮುಗಿಸಿದೆ. ಫೋನ್ ಬರುವ ಹೊತ್ತಿಗೆ ಒಲೆಯ ಮುಂದೆ ಇದ್ದರೆ ಕೇಳಿಸುವುದಿಲ್ಲ.

"ಆಮೇಲೆ ಹೇಗಿದೀರಾ ಮೇಡಂ?"

"ಸ್ವಲ್ಪ ನೋವಿದೆ." ಇತ್ತು. ಬೇಕೆಂದು ಒತ್ತಿ ನೋಡಿದರೆ ಇತ್ತು.

"ಹಾಗಾದ್ರೆ ನಾಳೆ ಮಾಡ್ತೀನಿ."

ಮಾರ್ಚ್ ೧೫, ಶನಿವಾರ

ತಲೆನೋವು ಎಂದೆ. ಇವತ್ತು ಹುಡುಗಿ ಕೂಡಲೇ ಇಡಲಿಲ್ಲ. ಕಾರು ಓಡಿಸಲು ಕಲಿಯುತ್ತಿದ್ದಾಳಂತೆ. ಮುಂದಕ್ಕೆ ಹೋಗುವುದು ಸಲೀಸು, ಹಿಂದಕ್ಕೆ ತೆಗೆಯುವಾಗ ಎಡ ಬಲ ಗೊತ್ತಾಗುವುದಿಲ್ಲವಂತೆ. ಪರೀಕ್ಷೆಯಲ್ಲಿ ಒಂದು ಸಲ ಕಂಬಕ್ಕೆ ಗುದ್ದಿ ಬಂದಿದ್ದಾಳೆ. "ಕಂಬ ಅಲ್ಲಿ ಇರಲೇ ಇಲ್ಲ ಆಂಟಿ, ಆಮೇಲೆ ಬಂತು!" ಎಂದಳು. ನಕ್ಕು ನಕ್ಕು ನನಗೆ ಕೆಮ್ಮು ಬಂತು. ಆಂಟಿ ಎಂದರೆ ನನಗೆ ಮೈ ಉರಿಯುತ್ತದೆ, ಆದರೆ ಇವತ್ತು ಸುಮ್ಮನಿದ್ದೆ.

ಮಾರ್ಚ್ ೧೬, ಭಾನುವಾರ

ಕ್ಲಿನಿಕ್ಕಿಗೆ ರಜೆ. ಫೋನ್ ಇಲ್ಲ. ಗೊತ್ತಿತ್ತು. ಆದರೂ ಸಂಜೆ ಎಲ್ಲೂ ಹೋಗಲಿಲ್ಲ. ಎಲ್ಲಿಗೆ ಹೋಗಬೇಕಿತ್ತು ಎಂದರೆ ಅದೂ ಗೊತ್ತಿಲ್ಲ.

ಮಾರ್ಚ್ ೧೮, ಮಂಗಳವಾರ

ನಿನ್ನೆ ಸುಸ್ತು ಎಂದೆ. ಇವತ್ತು "ಇನ್ನೂ ಹೋಗಿಲ್ಲಮ್ಮಾ" ಎಂದೆ. ಕೈ ಡಾಕ್ಟರಮ್ಮನೂ ನಡುವೆ ಬಂದು, ಎಷ್ಟು ಹೊತ್ತು ಮಲಗುತ್ತೀರಿ, ಏನು ತಿಂದಿರಿ ಎಂದು ಕೇಳಿದಳು. ಏನು ತಿಂದೆ ಎಂದು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತು!

ಬೆಳಿಗ್ಗೆ ಚುಚ್ಚಜ್ಜ. ಎರಡು ಸೆಟ್ ಇವತ್ತೇ ಕೊಡಬೇಕಿತ್ತು, ಬೇಯಲು ಇಟ್ಟದ್ದು ಇನ್ನೂ ತಣ್ಣಗಾಗಿರಲಿಲ್ಲ. "ಈ ಸಲ ಕೆಳಗಡೆ ತಾಯಿ, ಒಂಚೂರು..." ಎಂದು ಸ್ಟೂಲು ಎಳೆದರು. ನನಗೆ ರೇಗಿಹೋಯಿತು.

"ಇಲ್ಲದ ನೋವಿಗೆ ನಾನೆಲ್ಲಿಂದ ಮದ್ದು ತರಲಿ ಅಜ್ಜಾ? ಸೆಟ್ ಸರಿಯಾಗೇ ಇದೆ. ನಿಮಗೆ ಹೊತ್ತು ಹೋಗಲ್ಲ ಅಂತ ಇಲ್ಲಿ ಬಂದು ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ?"

ಅವರು ಕೂಗಲಿಲ್ಲ. "ಹೌದು ಹೌದು" ಎಂದು ಮೆಲ್ಲಗೆ ಅಂದು, ಬಾಯಿಂದ ತೆಗೆದ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದರು. ಸ್ಟೂಲನ್ನು ಇದ್ದ ಜಾಗಕ್ಕೆ ಸರಿಸಿಯೇ ಹೋದರು.

ಒಂದು ಪೀಡೆ ತೊಲಗಿತು. ಹೇಳಬೇಕಾದ್ದನ್ನು ಯಾರಾದರೂ ಹೇಳಲೇಬೇಕಲ್ಲ.

ಮಾರ್ಚ್ ೨೧, ಶುಕ್ರವಾರ

ಬುಧವಾರ ಮೂರನೇ ಸಲ ಹೋಗಿ ಬಂದೆ. ಕುತ್ತಿಗೆ ಈಗ ಎರಡೂ ಕಡೆ ಗೂಬೆಯ ಹಾಗೆ ತಿರುಗುತ್ತದೆ. ನೋವು ಹುಡುಕಿದರೂ ಇಲ್ಲ.

ಇವತ್ತು ಹುಡುಗಿ ಅವಸರದಲ್ಲಿದ್ದಳು. ಡ್ರೈವಿಂಗ್ ಕ್ಲಾಸಿಗೆ ಹೊತ್ತಾಗಿದೆಯಂತೆ. "ಆಂಟಿ, ಈ ಸಲ ಏನೂ ಇಲ್ಲ ತಾನೇ?" ಎಂದು ಅವಳೇ ಉತ್ತರ ಹೇಳಿಬಿಟ್ಟಳು. ಇಲ್ಲ ಎಂದರೆ ಇಟ್ಟುಬಿಡುತ್ತಾಳೆ, ಶನಿವಾರವೂ ಇಲ್ಲ, ಭಾನುವಾರ ಮೊದಲೇ ಇಲ್ಲ.

"ಬೆರಳು ಒಂಥರಾ ಜುಂ ಅನ್ನುತ್ತೆ" ಎಂದೆ. ಬಾಯಿಗೆ ಬಂದದ್ದು ಅದು. ಅಕ್ಕನಿಗೆ ಚಳಿಯಲ್ಲಿ ಹಾಗಾಗುತ್ತಿತ್ತು, ಕೈ ಕೊಡವಿದರೆ ಹೋಗುತ್ತಿತ್ತು. ನೋವಿಗಿಂತ ಸಣ್ಣದು ಎಂದೇ ಹೇಳಿದ್ದು.

"ಒಂದ್ನಿಮಿಷ ಮೇಡಂ." ಆಂಟಿ ಹೋಗಿ ಮತ್ತೆ ಮೇಡಂ ಆದೆ. ಡಾಕ್ಟರಮ್ಮ ಬಂದಳು. ಯಾವ ಕೈ, ಯಾವ ಬೆರಳು, ಯಾವಾಗಿಂದ, ಹಿಡಿತ ಸಡಿಲವಾಗಿದೆಯಾ? ನಾನು ಒಂದಕ್ಕೊಂದು ಸೇರಿಸುತ್ತ ಹೋದೆ. ಎಡಗೈ ಎಂದೆ, ಎರಡು ಬೆರಳು ಎಂದೆ. ನಾಳೆ ಬೆಳಿಗ್ಗೆ ಮೊದಲು ನೀವೇ ಬನ್ನಿ ಎಂದಳು. ಅವಳ ದನಿ ಸಣ್ಣಗಾಗಿತ್ತು.

ಮಾರ್ಚ್ ೨೨, ಶನಿವಾರ

ಮಂಚದ ಮೇಲೆ ಮಲಗಿಸಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹತ್ತಿಯಿಂದ ಸವರಿದಳು, ಸಣ್ಣ ಸುತ್ತಿಗೆಯಿಂದ ಮೊಣಕೈ ತಟ್ಟಿದಳು, ತನ್ನ ಬೆರಳು ಕೊಟ್ಟು ಹಿಡಿದು ಎಳೀರಿ ಎಂದಳು. ನಾನು ಸ್ವಲ್ಪ ಮೆಲ್ಲಗೆ ಎಳೆದೆ. ಈಗ ಜೋರಾಗಿ ಎಳೆದರೆ ನಿನ್ನೆಯದು ಸುಳ್ಳು ಎಂದಾಗುತ್ತದಲ್ಲ.

"ನಿಮ್ಮ ಅನ್ನ ಈ ಬೆರಳಲ್ಲಿದೆ" ಎಂದಳು. "ನಾನು ರಿಸ್ಕ್ ತಗೊಳ್ಳಲ್ಲ. ದೊಡ್ಡ ಆಸ್ಪತ್ರೆಗೆ ಚೀಟಿ ಕೊಡ್ತೀನಿ, ಸ್ಕ್ಯಾನ್ ಆಗಲಿ. ಅಲ್ಲೀವರೆಗೆ ನಿಮ್ಮ ಕುತ್ತಿಗೆ ನಾನು ಮುಟ್ಟಲ್ಲ."

ಮುಟ್ಟುವುದಿಲ್ಲ ಎಂದದ್ದು ಮುಖಕ್ಕೆ ಹೊಡೆದ ಹಾಗಾಯಿತು. ಅಲ್ಲೇ ಹೇಳಿಬಿಡಬೇಕಿತ್ತು. ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮಾರ್ಚ್ ೨೫, ಮಂಗಳವಾರ

ಸ್ಕ್ಯಾನ್ ಆಯಿತು. ಕೊಳವೆಯೊಳಗೆ ಹಾಕಿ ತಗಡು ಬಡಿದ ಹಾಗೆ ಸದ್ದು ಮಾಡುತ್ತಾರೆ. ಜೊತೆಗೆ ಯಾರು ಬಂದಿದ್ದಾರೆ ಎಂದು ನರ್ಸ್ ಕೇಳಿದಳು. ಬಟ್ಟೆ, ಚೀಲ ಹಿಡಿದುಕೊಳ್ಳಲು ಯಾರಾದರೂ ಬೇಕಂತೆ. ಕೊನೆಗೆ ನನ್ನ ಚೀಲವನ್ನು ಅವಳೇ ಮೇಜಿನ ಕೆಳಗೆ ಇಟ್ಟುಕೊಂಡಳು. ಏನೂ ಇಲ್ಲ, ವಯಸ್ಸಿನ ಸವೆತ ಅಷ್ಟೆ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು. ಏನೂ ಇಲ್ಲವೆಂದು ಅವರಿಗಿಂತ ಮೊದಲು ನನಗೆ ಗೊತ್ತಿತ್ತು. ನಿಜವಾಗಿ ಕಾಯಿಲೆಯಾದವರು ಹೊರಗೆ ಸಾಲಾಗಿ ಕೂತಿದ್ದರು. ತಲೆ ಎತ್ತದೆ ಹೊರಗೆ ಬಂದೆ.

ಮಾರ್ಚ್ ೨೬, ಬುಧವಾರ

ಹುಡುಗಿ ಫೋನ್ ಮಾಡಿದಳು. ಹೇಗಿದೀರಾ ಎಂದು ಕೇಳಲಿಲ್ಲ. ದನಿ ತಗ್ಗಿಸಿ, ಬಚ್ಚಲಿನಿಂದಲೋ ಏನೋ ಮಾತಾಡುತ್ತಿದ್ದಳು.

"ಮೇಡಂ, ಸ್ಕ್ಯಾನ್‌ನಲ್ಲಿ ಏನಾದ್ರೂ ಬಂತಾ? ಬೇಗ ಹೇಳಿ. ಡಾಕ್ಟರು ಶನಿವಾರದಿಂದ ಯಾರ ಕುತ್ತಿಗೆಗೂ ಕೈ ಹಾಕ್ತಿಲ್ಲ. ಬಂದವರನ್ನ ವಾಪಸ್ ಕಳಿಸ್ತಿದಾರೆ. ಇವತ್ತು ಒಬ್ಬರ ತಲೆ ಹಿಡ್ಕೊಂಡ್ರು, ಕೈ ನಡುಗ್ತು ಅಂತ ಬಿಟ್ಟುಬಿಟ್ರು. ‘ನಾನೇನೋ ತಪ್ಪು ಮಾಡಿದೀನಿ ಕಣೇ, ನನ್ನ ಕೈ ಸರಿಯಿಲ್ಲ’ ಅಂತಾರೆ. ಹೀಗಾದ್ರೆ ಮುಚ್ಚಬೇಕಾಗುತ್ತೆ."

ಏನೂ ಬಂದಿಲ್ಲ ಎಂದೆ. "ಅಯ್ಯೋ ಸದ್ಯ! ಆದ್ರೂ ಜುಂ ಅಂತಿದೆಯಲ್ಲ, ಅದು ಯಾಕೆ ಅಂತ ಕೇಳ್ತಾರೆ" ಎಂದಳು. ಈ ಸಲ ಫೋನ್ ಮೊದಲು ಇಟ್ಟವಳು ನಾನು.

ಮಾರ್ಚ್ ೨೭, ಗುರುವಾರ

ಕ್ಲಿನಿಕ್ಕಿಗೆ ಹೋಗಲಿಲ್ಲ. ಕೆಲಸದಲ್ಲಿ ಒಂದು ಸೆಟ್ ಕೆಡಿಸಿದೆ. ಎಡಗಡೆಯ ಕೋರೆಹಲ್ಲನ್ನು ಬಲಗಡೆ ಕೂರಿಸಿ, ಅದನ್ನೇ ನೋಡುತ್ತ ಕೂತಿದ್ದೆ. ಕೈ ಒಂದು ಸಲ ಹೆದರಿದರೆ ಏನಾಗುತ್ತದೆ ಎಂದು ನನಗೆ ಬೇರೆಯವರು ಹೇಳಬೇಕಾಗಿಲ್ಲ.

ಮಾರ್ಚ್ ೨೮, ಶುಕ್ರವಾರ

ಹೇಳಿದೆ.

ಡಾಕ್ಟರಮ್ಮ ಸ್ಕ್ಯಾನ್ ಚಿತ್ರ ಬೆಳಕಿಗೆ ಹಿಡಿದು, ಇಲ್ಲಿ ಒತ್ತಿರಬಹುದಾ, ಅಲ್ಲಿ ಒತ್ತಿರಬಹುದಾ ಎಂದು ತನಗೆ ತಾನೇ ಅನ್ನುತ್ತಿದ್ದಳು. ಕಣ್ಣ ಕೆಳಗೆ ಕಪ್ಪು. ನೋಡಲಾಗಲಿಲ್ಲ.

"ಬೆರಳು ಜುಂ ಅನ್ನಲಿಲ್ಲ" ಎಂದೆ. "ಒಂದು ದಿನಾನೂ ಅನ್ನಲಿಲ್ಲ. ಎರಡನೇ ಸಲದ ತಲೆನೋವೂ ಇರಲಿಲ್ಲ, ಸುಸ್ತೂ ಇರಲಿಲ್ಲ."

"ಮತ್ತೆ ಯಾಕೆ ಹೇಳಿದ್ರಿ?"

"ಆ ಹುಡುಗಿ ಅವತ್ತು ಅವಸರದಲ್ಲಿದ್ಲು."

"ಅಂದ್ರೆ?"

"ಏನೂ ಇಲ್ಲ ಅಂದ್ರೆ ಫೋನ್ ಇಟ್ಬಿಡ್ತಾಳೆ. ನಾಳೆ ಮಾಡಲ್ಲ."

ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆನೋ ಏನೋ. ಮಾಡಲಿಲ್ಲ. ಚಿತ್ರವನ್ನು ಮೇಜಿನ ಮೇಲೆ ಬಿಸಾಕಿದಳು. "ನಾನು ವಾರದಿಂದ ನಿದ್ದೆ ಮಾಡಿಲ್ಲ ರೀ! ಬೆಳಿಗ್ಗೆ ಎದ್ದು ಈ ಕೈ ನೋಡ್ಕೊಂಡು ಕೂತಿದೀನಿ. ಒಬ್ಬರ ಕೈ ಹಾಳು ಮಾಡ್ಬಿಟ್ಟೆ ಅಂತ ಊಟ ಸೇರಿಲ್ಲ. ನಿಮಗೆ ಆಟಾನಾ ಇದು?" ಬಾಗಿಲಾಚೆ ಹುಡುಗಿಗೆ ಎಲ್ಲ ಕೇಳಿಸಿರಬೇಕು. ಬೈಯಲಿ ಎಂದು ಕೂತೆ. ಎಲ್ಲವೂ ನನಗೆ ಸಲ್ಲಬೇಕಾದದ್ದೇ.

ಬೈದು ಬೈದು ಅವಳಿಗೇ ಏದುಸಿರು ಬಂತು. ನೀರು ಕುಡಿದಳು. ಆಮೇಲೆ ಬೇರೆ ದನಿಯಲ್ಲಿ ಹೇಳಿದಳು. "ಮನೇಲಿ ಯಾರಿದೀರಿ ಅಂತ ಮೊದಲನೇ ದಿನ ಕೇಳಿದ್ದೆ. ಫ್ರಿಜ್ಜು ಅಂದ್ರಿ. ನಾನು ನಕ್ಕುಬಿಟ್ಟೆ."

"ನಗಲಿ ಅಂತಾನೇ ಹೇಳಿದ್ದು" ಎಂದೆ. "ಯಾರೂ ಇಲ್ಲ ಡಾಕ್ಟ್ರೇ. ಅಕ್ಕ ಇದ್ಲು. ಈಗ ಯಾರೂ ಇಲ್ಲ."

ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಿದರೆ ಏನೋ ಆಗಿಬಿಡುತ್ತದೆ ಎಂದು ಹೆದರಿದ್ದೆ. ಏನೂ ಆಗಲಿಲ್ಲ. ಕೆಳಗೆ ಬೇಕರಿಯವನು ತಟ್ಟೆಗಳನ್ನು ಜೋಡಿಸುತ್ತಿದ್ದ.

ಅವಳು ಎದ್ದು ಬಂದು ನನ್ನ ಕುತ್ತಿಗೆಗೆ ಕೈಯಿಟ್ಟಳು. ಎಡಕ್ಕೆ ತಿರುಗಿಸಿ ನೋಡಿದಳು, ಬಲಕ್ಕೆ ತಿರುಗಿಸಿ ನೋಡಿದಳು. ಕೈ ನಡುಗಲಿಲ್ಲ. "ಪೂರ್ತಿ ಸರಿಹೋಗಿದೆ. ಇನ್ನು ನೀವು ಬರಬೇಕಾಗಿಲ್ಲ" ಎಂದಳು. ಸರಿಹೋಗುವುದು ಎಂದರೆ ಇದೇ ಎಂದು ನನಗೆ ಮೊದಲೇ ಹೊಳೆದಿರಲಿಲ್ಲ.

ಹೊರಗೆ ಒಬ್ಬ ಪೇಂಟರು ಕತ್ತನ್ನು ಒಂದು ಕಡೆಗೆ ಸೊಟ್ಟ ಮಾಡಿಕೊಂಡು ಕೂತಿದ್ದ. ಡಾಕ್ಟರಮ್ಮ ಅವನನ್ನು ಒಳಗೆ ಕರೆದಳು. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಒಳಗಿನಿಂದ "ಅಯ್ಯಪ್ಪಾ!" ಎಂದು ಕೂಗು, ಹಿಂದೆಯೇ "ಅರೆ, ತಿರುಗ್ತು ಕಣ್ರೀ!" ಎಂಬ ಮಾತು. ಹುಡುಗಿ ನನ್ನನ್ನು ನೋಡಲಿಲ್ಲ. ಮೆಟ್ಟಿಲ ಹತ್ತಿರ ಬಂದಾಗ ಮಾತ್ರ ಹಿಂದಿನಿಂದ, "ಸೋಮವಾರ ಮತ್ತೆ ಪರೀಕ್ಷೆ ಇದೆ ಆಂಟಿ" ಎಂದಳು.

"ಕಂಬ ನೋಡ್ಕೋ" ಎಂದೆ.

ಮಾರ್ಚ್ ೩೧, ಸೋಮವಾರ

ಮೂರು ಸಂಜೆ ಫೋನ್ ಇಲ್ಲ. ಇರುವುದೂ ಇಲ್ಲ. ಇವತ್ತು ಬೇಗ ಅಡಿಗೆ ಮಾಡುವ ಗೊಡವೆಗೆ ಹೋಗಲಿಲ್ಲ.

ಮಧ್ಯಾಹ್ನ ಕೆಲಸದ ಕೋಣೆಯಲ್ಲಿ ಸ್ಟೂಲು ಕಾಲಿಗೆ ಸಿಕ್ಕಲಿಲ್ಲ. ಅಜ್ಜ ಗೋಡೆಗೆ ಸರಿಸಿಟ್ಟು ಹೋದ ಜಾಗದಲ್ಲೇ ಇತ್ತು, ಮೇಲೆ ಪ್ಲಾಸ್ಟರ್ ಪುಡಿ ಕೂತಿತ್ತು. ಹದಿನೆಂಟನೇ ತಾರೀಖಿನಿಂದ ಅವರು ಬಂದೇ ಇಲ್ಲ. ಮುಂದಿನ ಕೋಣೆಯವರನ್ನು ಕೇಳಿ ಅವರ ನಂಬರ್ ತೆಗೆದುಕೊಂಡೆ. ಯಾಕೆ ಎಂದು ಕೇಳಿದ್ದಕ್ಕೆ, ಸೆಟ್ಟಿನ ವಿಷಯ ಎಂದೆ. ಸುಳ್ಳೇನಲ್ಲ.

ಮನೆಗೆ ಬಂದು ಬಟಾಣಿ ಸುಲಿಯಲು ಕೂತು, ಮಾಡಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಮಾಡಿದೆ. ಬಹಳ ಹೊತ್ತು ಬಡಿದುಕೊಂಡ ಮೇಲೆ ಎತ್ತಿದರು.

"ಯಾಉ?"

"ನಾನು ಅಜ್ಜಾ, ಹಲ್ಲು ಮಾಡೋಳು. ಸೆಟ್ ಆಮೇಲೆ ಹೇಗಿದೆ ಅಂತ ಕೇಳೋಣ ಅಂತ ಮಾಡಿದೆ."

ಹಲ್ಲಿಲ್ಲದ ಬರೀ ಒಸಡಿನಲ್ಲೇ ಏನೋ ಹೇಳಿದರು. ಎರಡು ಸಲ ಹೇಳಿಸಿದ ಮೇಲೆ ತಿಳಿಯಿತು. ಚುಚ್ಚುತ್ತಿಲ್ಲವಂತೆ. ಅವತ್ತಿನಿಂದ ಹಾಕಿಕೊಂಡೇ ಇಲ್ಲವಂತೆ, ಲೋಟದಲ್ಲಿ ಇಟ್ಟಿದ್ದಾರಂತೆ. ಮೆತ್ತಗಿನದನ್ನು ನುಂಗುತ್ತಿದ್ದಾರಂತೆ.

"ಯಾಕಜ್ಜಾ?"

"ಯಾರ ಹತ್ರ ಮಾತಾಡೋಕೆ ಹಾಕ್ಕೊಳ್ಳಲಿ ತಾಯಿ?" ಎಂದರು. ಇದು ಮಾತ್ರ ಒಂದೇ ಸಲಕ್ಕೆ ಸ್ಪಷ್ಟವಾಗಿ ಕೇಳಿಸಿತು.

ಕೈಯಲ್ಲಿದ್ದ ಬಟಾಣಿ ಬುಟ್ಟಿಗೆ ಬಿದ್ದಿತೋ ನೆಲಕ್ಕೆ ಬಿದ್ದಿತೋ ನೋಡಲಿಲ್ಲ.

"ಈಗ ಹಾಕ್ಕೊಳ್ಳಿ" ಎಂದೆ. "ಹೋಗಿ, ತೊಳೆದು ಹಾಕ್ಕೊಂಡು ಬನ್ನಿ. ನಾನು ಇಡಲ್ಲ. ಕಾಯ್ತೀನಿ."

ಫೋನನ್ನು ಎಲ್ಲೋ ಮರದ ಮೇಲಿಟ್ಟ ಸದ್ದು. ಚಪ್ಪಲಿ ಎಳೆಯುತ್ತ ಹೋದ ಸದ್ದು. ನಲ್ಲಿ ತಿರುಗಿಸಿದರು, ನೀರು ಸುರಿಯಿತು, ನಿಂತಿತು. ಕಟಕ್ ಎಂದು ಮೇಲಿನದು ಕೂತಿತು. ನಾನು ಮಾಡಿದ್ದಲ್ಲವೇ, ಸದ್ದಿನಲ್ಲೇ ಗೊತ್ತಾಯಿತು, ಅಚ್ಚುಕಟ್ಟಾಗಿ ಕೂತಿತ್ತು. ಮತ್ತೆ ಚಪ್ಪಲಿ.

"ಹಲೋ!" ಎಂದು ಕೂಗಿದರು, ಈಜುಕೊಳದ ಆ ಕೊನೆಗೆ ಕೇಳಿಸುವ ಹಾಗೆ.

"ಹಾಂ" ಎಂದೆ. "ಈಗ ಹೇಳಿ."

ಚಿಟ್ಟೆ ಈಜಿನಿಂದ ಶುರುಮಾಡಿದರು. ಬುಟ್ಟಿಯ ಬಟಾಣಿಯೆಲ್ಲ ಸುಲಿದು ಮುಗಿದರೂ ಅವರದು ಮುಗಿಯಲಿಲ್ಲ. ನಾಳೆ ಹಿಂಬಾಗಿಲಿನಿಂದ ಬರುತ್ತಾರೆ, ಸ್ಟೂಲು ಒರೆಸಿಡಬೇಕು. ಎರಡೂ ಕೈಯಲ್ಲಿ ಕೆಲಸವಿದ್ದದ್ದರಿಂದ ಅಷ್ಟು ಹೊತ್ತೂ ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡೇ ಕೂತಿದ್ದೆ. ಈಗ ಬರೆಯುವಾಗ ಕುತ್ತಿಗೆ ಎಡಗಡೆ ಸ್ವಲ್ಪ ನೋಯುತ್ತಿದೆ. ಈ ಸಲ ನಿಜವಾಗಿಯೂ ನೋಯುತ್ತಿದೆ.